ಅಂಗಳಕ್ಕೂ ಒಂದು ಇತಿಹಾಸವಿದೆ

ಹಳೆಯ ಮನೆಯೆಂದರೆ ನಮಗೆ ನೆನಪಾಗುವುದು ಕೆತ್ತನೆಯ ಕಂಬ, ಹೆಂಚಿನ ಮಾಡು, ತಂಪಾದ ಚಾವಡಿ. ಅಂಗಳವನ್ನು ಯಾರೂ ಇತಿಹಾಸದ ವಸ್ತುವೆಂದು ಗಣಿಸುವುದಿಲ್ಲ. ಆದರೆ ಕಾರವಾರದಿಂದ ಕಾಸರಗೋಡಿನವರೆಗಿನ ಕರಾವಳಿಯಲ್ಲಿ ಮಳೆಗಾಳಿಗೆ ಮೈಯೊಡ್ಡುವುದು ಮಾಡು ಮಾತ್ರವಲ್ಲ, ಮನೆಯ ಸುತ್ತಲಿನ ನೆಲವೂ ಹೌದು. ಆ ನೆಲ ಕಳೆದ ಇನ್ನೂರು ವರ್ಷಗಳಲ್ಲಿ ಹೇಗೆ ಬದಲಾಯಿತು ಎಂಬುದನ್ನು, ಓದುಗರೇ, ಸ್ವಲ್ಪ ಪರಿಶೀಲಿಸೋಣ.

ಮಂಗಳೂರಿನ ಸುತ್ತ ವರ್ಷಕ್ಕೆ 3,500 ಮಿಲಿಮೀಟರಿಗೂ ಹೆಚ್ಚು ಮಳೆ. ಇದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ ಸುರಿದುಹೋಗುತ್ತದೆ. ನೆಲವೋ ಮುರಕಲ್ಲಿನದು. 1800-01ರಲ್ಲಿ ಮೈಸೂರು, ಕೆನರಾ, ಮಲಬಾರುಗಳಲ್ಲಿ ಸಂಚರಿಸಿದ ಫ್ರಾನ್ಸಿಸ್ ಬುಕಾನನ್, 1807ರಲ್ಲಿ ಪ್ರಕಟವಾದ ತನ್ನ ಪ್ರವಾಸ ಗ್ರಂಥದಲ್ಲಿ ಈ ಕಲ್ಲಿಗೆ ಲ್ಯಾಟರೈಟ್ ಎಂದು ಹೆಸರಿಟ್ಟ. ಇದು ತೂತು ತೂತಾದ ಕಲ್ಲು. ನೀರನ್ನು ಬೇಗ ಕುಡಿಯುತ್ತದೆ, ಬೇಗ ಬಿಟ್ಟೂ ಬಿಡುತ್ತದೆ. ಆದ್ದರಿಂದ ಇಲ್ಲಿ ಮಳೆ ಎಷ್ಟು ಬಿತ್ತು ಎನ್ನುವುದಕ್ಕಿಂತ, ಬಿದ್ದ ನೀರು ಎಷ್ಟು ಹೊತ್ತು ನಿಂತಿತು ಎನ್ನುವುದೇ ಮುಖ್ಯ.

ನಮ್ಮ ಹಿರಿಯರ ಮನೆಯಂಗಳ ಈ ಲೆಕ್ಕಕ್ಕೆ ಒಪ್ಪುವಂತಿತ್ತು. ಮುಂದೆ ತುಳಸಿಕಟ್ಟೆಯ ಮಣ್ಣಿನ ಅಂಗಳ. ಹಿಂದೆ ಬಾಳೆ, ನುಗ್ಗೆ, ಬಸಳೆಯ ಹಿತ್ತಲು. ಅದರಾಚೆ ತೆಂಗು, ಮಾವು, ಹಲಸು, ಪುನರ್ಪುಳಿ. ಸುತ್ತ ದಾಸವಾಳ, ಲಕ್ಕಿಯಂಥ ಗಿಡಗಳ ಬೇಲಿ. ಮಾಡಿನಿಂದ ಇಳಿದ ನೀರು ತೋಡು ಹಿಡಿದು ತೋಟಕ್ಕೆ, ಅಲ್ಲಿಂದ ಗದ್ದೆಗೆ ಅಥವಾ ಮದಕಕ್ಕೆ ಹೋಗುತ್ತಿತ್ತು. ಬಿದ್ದ ಎಲೆಯನ್ನು ಗಿಡದ ಬುಡಕ್ಕೇ ಹಾಕುತ್ತಿದ್ದರು. ಇದು ನೋಟಕ್ಕಾಗಿ ಮಾಡಿದ ತೋಟವಲ್ಲ. ಹಾಗೆಂದು ಅದನ್ನು ಸ್ವರ್ಗವೆಂದು ಬಣ್ಣಿಸುವುದೂ ಬೇಡ. ಕೆಸರು, ಹಾವು, ದಿನವೂ ಗುಡಿಸಿ ಸಾರಿಸುವ ಹೆಂಗಸರ ದುಡಿಮೆ, ಸೊಪ್ಪು ಹೊರುವ ಆಳುಗಳ ಬೆವರು ಅದರ ಹಿಂದೆ ಇದ್ದವು.

ಹತ್ತೊಂಬತ್ತನೆಯ ಶತಮಾನದಲ್ಲಿ ಬದಲಾವಣೆಗಳು ಒಂದೊಂದಾಗಿ ಬಂದವು. 1865ರಲ್ಲಿ ಬಾಸೆಲ್ ಮಿಶನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆಯಿತು; ಮುಳಿಹುಲ್ಲಿನ ಮಾಡುಗಳು ಕ್ರಮೇಣ ಕೆಂಪಾದವು. 1868ರ ಸುಮಾರಿಗೆ ಕಾರವಾರದಲ್ಲಿ ಗಾಳಿಮರವನ್ನು ನೆಟ್ಟರು. ಬ್ರಿಟಿಷ್ ಅಧಿಕಾರಿಗಳ ಬಂಗಲೆಗಳ ಜೊತೆ ಹುಲ್ಲುಹಾಸು, ಅಂದರೆ ಲಾನ್ ಬಂತು. ಹುಲ್ಲು ಕತ್ತರಿಸುವ ಯಂತ್ರವನ್ನು 1830ರಲ್ಲಿ ರೂಪಿಸಿದವನು ಇಂಗ್ಲೆಂಡಿನ ಎಡ್ವಿನ್ ಬಡ್ಡಿಂಗ್. ಅವನ ದೇಶದ ಹವೆಯನ್ನು ಗಮನಿಸಿ: ಲಂಡನ್ನಿಗೆ ವರ್ಷವಿಡೀ ಹನಿ ಹನಿಯಾಗಿ ಬೀಳುವ ಮಳೆ ಸುಮಾರು 600 ಮಿಲಿಮೀಟರ್. ಮಂಗಳೂರಿಗೆ ಜುಲೈ ಒಂದೇ ತಿಂಗಳಲ್ಲಿ ಅದಕ್ಕಿಂತ ಹೆಚ್ಚು ಬೀಳುತ್ತದೆ! ಅಲ್ಲಿ ನೀರುಣಿಸದೆಯೇ ಬಹುಮಟ್ಟಿಗೆ ಹಸಿರಾಗಿರುವ ಹುಲ್ಲಿಗೆ ಇಲ್ಲಿ ಆಷಾಢದಲ್ಲಿ ನೀರು ಹೆಚ್ಚು, ಏಪ್ರಿಲ್‌ನಲ್ಲಿ ಬಾವಿಯ ನೀರೇ ಗತಿ.

ಇಪ್ಪತ್ತನೆಯ ಶತಮಾನದ ಕೊನೆಗೆ ಬದಲಾವಣೆಯ ವೇಗ ಹೆಚ್ಚಿತು. ಗುಡ್ಡಗಳಲ್ಲಿ ಆಸ್ಟ್ರೇಲಿಯಾ ಮೂಲದ ಅಕೇಶಿಯ, ರಸ್ತೆ ಬದಿಯಲ್ಲಿ ಮಡಗಾಸ್ಕರಿನ ಗುಲ್‌ಮೊಹರ್ ಬೆಳೆದವು. ಎರಡೂ ಬೇಗ ಬೆಳೆಯುತ್ತವೆ, ಗಾಳಿಗೆ ಬೇಗ ಮುರಿಯುತ್ತವೆ. ಬೇಲಿಯ ಜಾಗಕ್ಕೆ ಕಾಂಪೌಂಡ್ ಗೋಡೆ, ಅಂಗಳಕ್ಕೆ ಇಂಟರ್‌ಲಾಕ್ ಹಾಸು ಬಂತು. ಕೆಲಸದವರು ಸಿಗದ ಕಾಲದಲ್ಲಿ, ಕಾರು ನಿಲ್ಲಿಸಬೇಕಾದ ಮನೆಯಲ್ಲಿ ಇದು ಅನುಕೂಲವೇ. ಆದರೆ ಅಂಗಳ ನೀರನ್ನು ಕುಡಿಯುವುದನ್ನು ನಿಲ್ಲಿಸಿತು.

ಇದರ ಬೆಲೆಯನ್ನು ನಾವು ಎರಡು ಕಡೆಯಿಂದ ತೆರುತ್ತಿದ್ದೇವೆ. 2016ರಲ್ಲಿ, ಮತ್ತೆ 2019ರಲ್ಲಿ, ಬೇಸಿಗೆಯ ಕೊನೆಗೆ ತುಂಬೆ ಅಣೆಕಟ್ಟಿನಲ್ಲಿ ನೀರು ತಳ ಕಂಡು ಮಂಗಳೂರಿನಲ್ಲಿ ಸರದಿಯ ಮೇಲೆ ನೀರು ಬಿಡಬೇಕಾಯಿತು. ಮನೆಮನೆಯ ಬಾವಿ ತುಂಬಿದ್ದರೆ ನದಿಯೊಂದರ ಮೇಲೆ ಅಷ್ಟು ಭಾರ ಬೀಳುತ್ತಿರಲಿಲ್ಲ. ಇನ್ನೊಂದು ಕಡೆ ಗಾಳಿ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ನಮ್ಮ ತೀರದಾಚೆಯೇ ಹಾದು ಗುಜರಾತಿಗೆ ಹೋಯಿತು. ಅಷ್ಟಕ್ಕೇ ಇಲ್ಲಿ ಮನೆಗಳು ಜಖಂಗೊಂಡವು, ಮರಗಳೂ ವಿದ್ಯುತ್ ಕಂಬಗಳೂ ಉರುಳಿದವು. ಅರಬ್ಬೀ ಸಮುದ್ರ ಬಿಸಿಯಾಗುತ್ತಿದೆ. ಅಲ್ಲಿ ಏಳುವ ಚಂಡಮಾರುತಗಳು ನಾಲ್ಕು ದಶಕಗಳ ಹಿಂದಿಗಿಂತ ಹೆಚ್ಚಿವೆ ಎಂಬುದನ್ನು ವಿಜ್ಞಾನಿಗಳು ತೋರಿಸಿದ್ದಾರೆ.

ಹಾಗಾದರೆ ಮನೆಯ ಬಳಿ ಮರವೇ ಬೇಡವೇ? ಚಂಡಮಾರುತಗಳಿಗೆ ಹೆಸರಾದ ಅಮೆರಿಕದ ಫ್ಲಾರಿಡಾ ಇದಕ್ಕೆ ಉತ್ತರ ಕೊಟ್ಟಿದೆ. 1992ರ ಆಂಡ್ರ್ಯೂ ಚಂಡಮಾರುತ ಮತ್ತು ಅನಂತರದವುಗಳು ಬೀಸಿಹೋದ ಮೇಲೆ ಫ್ಲಾರಿಡಾ ವಿಶ್ವವಿದ್ಯಾಲಯದವರು ಬಿದ್ದ ಮರ, ಉಳಿದ ಮರಗಳನ್ನು ಎಣಿಸಿದರು. ಒಂಟಿ ಮರಕ್ಕಿಂತ ಗುಂಪಿನ ಮರ ಹೆಚ್ಚು ತಾಳಿತ್ತು. ಬೇರಿಗೆ ಸಾಕಷ್ಟು ಮಣ್ಣಿದ್ದ ಮರ, ಕ್ರಮವಾಗಿ ಸವರಿದ ಮರ ಉಳಿದಿತ್ತು. ಅಂದರೆ ನಮ್ಮ ಹಳೆಯ ಹಿತ್ತಲಿನ ಒತ್ತೊತ್ತಾದ ಮರಗಳ ಸಾಲಿನಲ್ಲೂ ಒಂದು ತಿಳಿವಳಿಕೆ ಇತ್ತು. ಬೇಲಿಯ ವಿಷಯವೂ ಅಷ್ಟೆ. ಗೋಡೆಗೆ ಬಡಿದ ಗಾಳಿ ಮೇಲೇರಿ ಆಚೆ ಸುಳಿಯಾಗಿ ಇಳಿಯುತ್ತದೆ. ಗಿಡದ ಬೇಲಿ ಅದನ್ನು ಸೋಸಿ ಮೆತ್ತಗಾಗಿಸುತ್ತದೆ.

ಈಗ ನಿಮ್ಮ ಮನೆಯ ಲೆಕ್ಕವನ್ನೇ ಹಾಕಿ. ಒಂದು ಚದರ ಮೀಟರ್ ಮಾಡಿನ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ನೂರು ಚದರ ಮೀಟರಿನ ಮಾಡಿಗೆ 3,500 ಮಿಲಿಮೀಟರ್ ಬಿದ್ದರೆ ಮೂರೂವರೆ ಲಕ್ಷ ಲೀಟರ್. ಐವರ ಸಂಸಾರಕ್ಕೆ ತಲೆಗೆ ದಿನಕ್ಕೆ 135 ಲೀಟರಿನಂತೆ ವರ್ಷಕ್ಕೆ ಬೇಕಾದುದು ಸುಮಾರು ಎರಡೂವರೆ ಲಕ್ಷ. ಇಷ್ಟನ್ನು ನಾವು ಚರಂಡಿಗೆ ಬಿಡುತ್ತಿದ್ದೇವೆ.

ಕಾರು ನಿಲ್ಲುವಷ್ಟು ಜಾಗಕ್ಕೆ ಹಾಸು ಇರಲಿ, ಉಳಿದದ್ದು ಮಣ್ಣಾಗಿರಲಿ. ಮರದ ಬುಡಕ್ಕೆ ಸಿಮೆಂಟಿನ ಬಳೆ ತೊಡಿಸಬೇಡಿ. ಮಾಡಿನ ನೀರನ್ನು ಸೋಸಿ ಬಾವಿಯ ಬಳಿಯ ಇಂಗುಗುಂಡಿಗೆ ಹರಿಸಿ. ಆದರೆ ಕಡಿದಾದ ಗುಡ್ಡದ ಅಂಚಿನಲ್ಲಿ, ಧರೆಯ ಮೇಲ್ಭಾಗದಲ್ಲಿ ಗುಂಡಿ ತೋಡಬೇಡಿ. ನೀರು ಕುಡಿದ ಮಣ್ಣು ಜರಿದೀತು. ಒಣಗಿದ ಕೊಂಬೆಗಳನ್ನು ಮೇ ತಿಂಗಳಿಗೆ ಮೊದಲೇ ಸವರಿಸಿ. ಲಾನಿನ ಬದಲು ಲಾವಂಚ, ಕೇಪಳ, ದಾಸವಾಳ ನೆಡಿ.

ಈ ಮಳೆಗಾಲಕ್ಕೆ ಮುನ್ನ ನಿಮ್ಮ ಅಂಗಳಕ್ಕೊಮ್ಮೆ ಇಳಿದು, ಮಾಡಿನಿಂದ ಬಿದ್ದ ನೀರು ಗೇಟು ದಾಟುವ ಮೊದಲು ಎಲ್ಲೆಲ್ಲಿ ನಿಲ್ಲಬಲ್ಲದು ಎಂದು ನೋಡಿ. ಎಲ್ಲಿಯೂ ನಿಲ್ಲದಿದ್ದರೆ, ನಿಮ್ಮ ಬಾವಿ ಏಪ್ರಿಲ್‌ನಲ್ಲಿ ಏಕೆ ಬತ್ತುತ್ತದೆ ಎಂಬುದಕ್ಕೆ ಉತ್ತರ ಅಲ್ಲೇ ಇದೆ.