ಮೇಗುತಿಯ ಶಾಸನ ಮತ್ತು ಅದನ್ನು ಓದಿದವರ ವೇಳೆ

ಹೋದ ತಿಂಗಳು ಬೆಂಗಳೂರಿನಿಂದ ಹಳೆಯ ವಿದ್ಯಾರ್ಥಿಯೊಬ್ಬನ ದೂರವಾಣಿ ಬಂದಿತ್ತು. ದೊಡ್ಡ ಕಂಪನಿಯೊಂದರಲ್ಲಿ ಎಂಜಿನಿಯರ್ ಆಗಿದ್ದಾನೆ. "ಗುರುಗಳ, ಮುಂಜಾನಿಂದ ಸಂಜೀತನಕ ಕುರ್ಚಿ ಬಿಟ್ಟು ಏಳಂಗಿಲ್ರಿ. ಆದ್ರ ಸಂಜೀಮುಂದ ನೋಡಿದ್ರ ಮಾಡಿದ ಕೆಲಸ ಒಂದೂ ಕಾಣಂಗಿಲ್ರಿ" ಎಂದ. ಐದು ನಿಮಿಷಕ್ಕೊಂದು ಸಂದೇಶ, ಗಂಟೆಗೊಂದು ಸಭೆ, ನಡುವೆ ಯಾರಾದರೂ ಬಂದು ಹೆಗಲು ತಟ್ಟುವುದು. ಆಗ ಏನೋ ಹೇಳಿ ಸಮಾಧಾನಪಡಿಸಿದೆ. ರಾತ್ರಿ ಮಲಗಿದ ಮೇಲೆ ನೆನಪಿಗೆ ಬಂದದ್ದು ನಮ್ಮ ಐಹೊಳೆಯ ಮೇಗುತಿ ಗುಡಿ ಮತ್ತು ಅದರ ಶಾಸನವನ್ನು ಓದಿದ ಒಬ್ಬ ಸರ್ಕಾರಿ ಅಧಿಕಾರಿ.

ನಿಮ್ಮಲ್ಲಿ ಬಹಳ ಜನ ನನ್ನೊಡನೆ ಆ ಗುಡ್ಡ ಹತ್ತಿದವರೇ. ಮೇಲಿನ ಗುಡಿ 'ಮೇಗುಡಿ'. ಅದೇ ಬಾಯಿಂದ ಬಾಯಿಗೆ ಮೇಗುತಿಯಾಯಿತು ಎಂದು ತರಗತಿಯಲ್ಲಿ ಹೇಳಿದ್ದು ನೆನಪಿರಬಹುದು. ಅದರ ಪೂರ್ವದ ಹೊರಗೋಡೆಯಲ್ಲಿ ರವಿಕೀರ್ತಿಯ ಶಾಸನವಿದೆ. ಶಕ 556, ಎಂದರೆ ಕ್ರಿ.ಶ. 634-35. ಇಮ್ಮಡಿ ಪುಲಕೇಶಿಯು ಹರ್ಷನನ್ನು ತಡೆದ ಸಂಗತಿಯಿರುವುದು ಇದರಲ್ಲಿಯೇ. ಕಾಳಿದಾಸ, ಭಾರವಿ ಇಬ್ಬರ ಹೆಸರೂ ಇದರಲ್ಲಿ ಬರುವುದರಿಂದ ಆ ಕವಿಗಳು ಇದಕ್ಕಿಂತ ಹಿಂದಿನವರೆಂದು ನಿರ್ಧರಿಸಲು ಸಾಧ್ಯವಾಯಿತು. ಭಾಷೆ ಸಂಸ್ಕೃತ, ಲಿಪಿ ಆ ಕಾಲದ ಕನ್ನಡ ಲಿಪಿ. ಹತ್ತೊಂಬತ್ತು ಸಾಲುಗಳಲ್ಲಿ ಮೂವತ್ತೇಳು ಪದ್ಯಗಳು, ಅವೂ ಬೇರೆ ಬೇರೆ ಛಂದಸ್ಸುಗಳಲ್ಲಿ.

ಇಂಥ ಬರಹವನ್ನು ಓದುವುದು ಪುಸ್ತಕ ಓದಿದಂತಲ್ಲ. ಪದಪದಗಳ ನಡುವೆ ತೆರಪಿಲ್ಲ. ಎಲ್ಲಿ ಪದ ಮುಗಿಯಿತು ಎಂಬುದನ್ನು ಕಲ್ಲು ಹೇಳುವುದಿಲ್ಲ, ಛಂದಸ್ಸು ಹೇಳಬೇಕು. ಸವೆದ ಅಕ್ಷರವೊಂದು ಎದುರಾದರೆ ಅಲ್ಲಿ ಗುರು ಬೇಕೋ ಲಘು ಬೇಕೋ ಎಂದು ಹಿಂದಿನ ಪಾದದಿಂದ ಲೆಕ್ಕ ಹಾಕಿಕೊಂಡು ಬರಬೇಕು. ಅರ್ಥ, ವ್ಯಾಕರಣ, ಅಕ್ಷರದ ಆಕಾರ, ಛಂದಸ್ಸು ಈ ನಾಲ್ಕನ್ನೂ ಒಟ್ಟಿಗೆ ತಲೆಯಲ್ಲಿ ಹಿಡಿದಿರಬೇಕು. ನಡುವೆ ಒಬ್ಬರು ಕರೆದರೆ ಹೋಗುವುದು ಒಂದು ನಿಮಿಷ ಮಾತ್ರವಲ್ಲ, ಹಿಡಿದದ್ದೆಲ್ಲ ಜಾರುತ್ತದೆ.

ಇದು ನನಗೆ ಅನುಭವದಿಂದಲೇ ತಿಳಿದದ್ದು. 1986ರ ಚಳಿಗಾಲದಲ್ಲಿ ಎಂಟನೆಯ ಇಯತ್ತೆಯ ಮಕ್ಕಳನ್ನು ಕರೆದುಕೊಂಡು ಹೋದಾಗ, ಒಂದು ಪದ್ಯವನ್ನಾದರೂ ಕಲ್ಲಿನಿಂದಲೇ ಬರೆದುಕೊಳ್ಳಬೇಕೆಂದು ವಹಿ ಹಿಡಿದು ಗೋಡೆಯ ಬುಡದಲ್ಲಿ ನಿಂತೆ. ಎರಡನೆಯ ಪಾದಕ್ಕೆ ಬಂದಿದ್ದೆ. "ಸರ್, ಬುತ್ತಿ ಯಾವಾಗ ಬಿಚ್ಚೂದ್ರಿ?" ಎಂಬ ಪ್ರಶ್ನೆ ಬಂತು. ಉತ್ತರಿಸಿ ತಿರುಗಿದರೆ ಯಾವ ಅಕ್ಷರದಲ್ಲಿದ್ದೆನೆಂಬುದೇ ಗೊತ್ತಾಗಲಿಲ್ಲ. ಮತ್ತೆ ಮೊದಲಿನಿಂದ ಹಿಡಿದೆ. ಮತ್ತೆ ಕರೆದರು. ಮಕ್ಕಳದೇನು ತಪ್ಪು? ಅವರಿಗೆ ಹಸಿವಾಗಿತ್ತು. ಆ ದಿನ ಒಂದು ಪದ್ಯವೂ ಪೂರ್ತಿಯಾಗಲಿಲ್ಲ. ಪ್ರಶ್ನೆ ಕೇಳಿದವನು ಈಗ ಬಾಗಲಕೋಟೆಯಲ್ಲಿದ್ದಾನೆ, ಇದನ್ನು ಓದಿ ನಗುತ್ತಾನೆ.

ಈ ಶಾಸನವನ್ನು ಮೊದಲು ವಿದ್ವತ್ ಲೋಕದ ಮುಂದಿಟ್ಟವರಲ್ಲಿ ಮುಖ್ಯರು ಜಾನ್ ಫೇಯ್ತ್‌ಫುಲ್ ಫ್ಲೀಟ್. 1847ರಲ್ಲಿ ಹುಟ್ಟಿ, 1867ರಲ್ಲಿ ಸಿವಿಲ್ ಅಧಿಕಾರಿಯಾಗಿ ಮುಂಬಯಿ ಪ್ರಾಂತಕ್ಕೆ ಬಂದವರು. ಪಂಡಿತಗಿರಿ ಅವರ ಉದ್ಯೋಗವಲ್ಲ, ಕಂದಾಯ ಅವರ ಉದ್ಯೋಗ. 1872ರಲ್ಲಿ ದಕ್ಷಿಣ ವಿಭಾಗದ ಶಾಲೆಗಳ ಇನ್ಸ್‌ಪೆಕ್ಟರ್ ಆದರು (ನಮ್ಮಂಥ ಮಾಸ್ತರರ ಎದೆ ನಡುಗಿಸುವ ಹುದ್ದೆ), 1875ರಲ್ಲಿ ಕೊಲ್ಹಾಪುರ ಮತ್ತು ದಕ್ಷಿಣ ಮರಾಠಾ ಸೀಮೆಯ ಸಹಾಯಕ ಪೊಲಿಟಿಕಲ್ ಏಜೆಂಟರಾದರು. ಅರ್ಜಿ, ಫಿರ್ಯಾದಿ, ಜಮಾಬಂದಿ, ಮೇಲಿನವರ ಟಪಾಲು, ಡೇರೆ ಹಾಕಿಕೊಂಡು ಊರೂರು ತಿರುಗಾಟ: ಅಂದಿನ ಅಧಿಕಾರಿಯ ದಿನಚರಿ ಇದು. ಉಳಿದ ವೇಳೆಯಲ್ಲಿ ಶಾಸನಗಳು. ಸಂಗೊಳ್ಳಿ ರಾಯಣ್ಣನ ಲಾವಣಿ, ಹಲಗಲಿ ಬೇಡರ ಲಾವಣಿಗಳನ್ನು ಸಂಗ್ರಹಿಸಿ ಅಚ್ಚುಮಾಡಿದವರೂ ಇವರೇ.

ಐಹೊಳೆ ಆಗ ಕಲಾದಗಿ ಜಿಲ್ಲೆಯ ಹುನಗುಂದ ತಾಲ್ಲೂಕಿಗೆ ಸೇರಿತ್ತು. ಮೇಗುತಿಯ ಶಾಸನವನ್ನು ಫ್ಲೀಟರು 'ಇಂಡಿಯನ್ ಆಂಟಿಕ್ವರಿ' ಪತ್ರಿಕೆಯಲ್ಲಿ 1876ರಲ್ಲಿ ಪ್ರಕಟಿಸಿದರು, 1879ರಲ್ಲಿ ಮತ್ತೊಮ್ಮೆ ಪ್ರಕಟಿಸಿದರು. ಮೂರೇ ವರ್ಷಕ್ಕೆ ಅದೇ ಕಲ್ಲಿಗೆ ತಿರುಗಿ ಕೈಹಾಕಬೇಕಾಯಿತು. ಅನಂತರ 1900-01ರಲ್ಲಿ 'ಎಪಿಗ್ರಾಫಿಯಾ ಇಂಡಿಕಾ'ದ ಆರನೆಯ ಸಂಪುಟಕ್ಕಾಗಿ ಕೀಲ್‌ಹಾರ್ನ್ ಅದನ್ನು ಮತ್ತೆ ಸಂಪಾದಿಸಿದರು. ಇಂದು ವಿದ್ವಾಂಸರು ಹೆಚ್ಚಾಗಿ ಆಧರಿಸುವುದು ಆ ಪಾಠವನ್ನು. ಕೀಲ್‌ಹಾರ್ನರು ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಸಂಸ್ಕೃತ ಪ್ರಾಧ್ಯಾಪಕರಾಗಿದ್ದು, ಆಮೇಲೆ ಜರ್ಮನಿಯ ಗೊಟ್ಟಿಂಗೆನ್ ವಿಶ್ವವಿದ್ಯಾಲಯಕ್ಕೆ ಹೋದವರು. ವ್ಯಾಕರಣವೇ ಅವರ ಉದ್ಯೋಗ. ಒಬ್ಬರ ಜಾಣತನ ಹೆಚ್ಚು, ಇನ್ನೊಬ್ಬರದು ಕಡಿಮೆ ಎಂದು ನಾನು ಒಪ್ಪುವುದಿಲ್ಲ. ಒಬ್ಬರ ಬಾಗಿಲಲ್ಲಿ ಫಿರ್ಯಾದಿಗಳು ಕುಳಿತಿದ್ದರು, ಇನ್ನೊಬ್ಬರ ಬಾಗಿಲಲ್ಲಿ ಕುಳಿತಿರಲಿಲ್ಲ. ಇದು ನನ್ನ ಊಹೆ. ಆದರೆ ಅದಕ್ಕೆ ಫ್ಲೀಟರ ಬದುಕಿನಲ್ಲಿಯೇ ಒಂದು ಆಧಾರವಿದೆ.

1883ರಲ್ಲಿ ಭಾರತ ಸರ್ಕಾರವು ಅವರನ್ನು ಕಂದಾಯದ ಕೆಲಸದಿಂದ ಬಿಡಿಸಿ ಶಾಸನತಜ್ಞರ ಹುದ್ದೆಗೆ ನೇಮಿಸಿತು. 1886ರವರೆಗೆ, ಮೂರು ವರ್ಷ ಚಿಲ್ಲರೆ, ಓದುವುದೇ ಅವರ ನೌಕರಿಯಾಯಿತು. ಅದರ ಫಲವಾಗಿ 1888ರಲ್ಲಿ ಹೊರಬಂದದ್ದು ಗುಪ್ತರ ಶಾಸನಗಳ ಸಂಪುಟ. ಗುಪ್ತ ಶಕೆ ಕ್ರಿ.ಶ. 319-20ರಲ್ಲಿ ಆರಂಭವಾಯಿತೆಂದು ಅದರಲ್ಲಿ ಸಾಧಿಸಿದರು. ವಿದ್ವಾಂಸರು ಎಷ್ಟೋ ವರ್ಷ ಜಗಳಾಡಿದ್ದ ಪ್ರಶ್ನೆ ಅದು. ತಿಥಿ-ವಾರಗಳ ಗಣಿತದಲ್ಲಿ ಅವರಿಗೆ ನೆರವಾದ ಶಂಕರ ಬಾಳಕೃಷ್ಣ ದೀಕ್ಷಿತರು ಶಿಕ್ಷಕ ವೃತ್ತಿಯವರು ಎಂಬುದನ್ನು ಅಭಿಮಾನದಿಂದಲೇ ಇಲ್ಲಿ ಸೇರಿಸುತ್ತೇನೆ. ಅವಧಿ ಮುಗಿದೊಡನೆ ಫ್ಲೀಟರು ಮತ್ತೆ ಕಲೆಕ್ಟರಿಕೆಗೆ ಮರಳಿದರು; ಮುಂದೆ ಕಮಿಷನರ್ ಆದರು, ಸುಂಕದ ಇಲಾಖೆಯನ್ನೂ ನೋಡಿಕೊಂಡರು. 1897ರಲ್ಲಿ ನಿವೃತ್ತಿ. ಮೂವತ್ತು ವರ್ಷದ ನೌಕರಿಯಲ್ಲಿ ಅಡ್ಡಿಯಿಲ್ಲದೆ ದಕ್ಕಿದ್ದು ಆ ಮೂರು ಚಿಲ್ಲರೆ ವರ್ಷ.

ಹಾಗಾದರೆ ಉಳಿದ ವರ್ಷಗಳಲ್ಲಿ ಏನೂ ಆಗಲಿಲ್ಲವೆ? ಆಯಿತು. ಕನ್ನಡ ಜಿಲ್ಲೆಗಳ ರಾಜವಂಶಗಳ ಚರಿತ್ರೆಯ ಮೊದಲ ರೂಪ ಬಂದದ್ದು 1882ರಲ್ಲಿ, ಆ ಹುದ್ದೆ ಸಿಗುವ ಮೊದಲೇ. ನಮ್ಮ ಭಾಗದ ಫ.ಗು. ಹಳಕಟ್ಟಿಯವರಿಗಂತೂ ಅಷ್ಟೂ ಸಿಗಲಿಲ್ಲ. ವಿಜಾಪುರದಲ್ಲಿ ವಕೀಲಿ, ಸಂಘ-ಸಂಸ್ಥೆ, ಬ್ಯಾಂಕು, 1925ರಿಂದ ಮುದ್ರಣಾಲಯ, 1926ರಿಂದ 'ಶಿವಾನುಭವ' ಪತ್ರಿಕೆ; ಇವೆಲ್ಲವುಗಳ ನಡುವೆ ವಚನಗಳ ಓಲೆಗರಿಗಳನ್ನು ಓದಿದರು. ಅವರು ವೇಳೆಯನ್ನು ಕೊಂಡದ್ದು ತಮ್ಮ ಗಳಿಕೆಯನ್ನು ಬಿಟ್ಟುಕೊಟ್ಟು. ಆ ಬೆಲೆಯನ್ನು ತೆರಿರೆಂದು ಯಾರಿಗೂ ಹೇಳುವ ಧೈರ್ಯ ನನಗಿಲ್ಲ.

ನನ್ನದು ಸಣ್ಣ ಕಥೆ. ನಾನು ಕೆಲಸ ಮಾಡಿದ ಒಂದು ಶಾಲೆಯಲ್ಲಿ ಸುತ್ತೋಲೆಯನ್ನು ಪಾಠದ ನಡುವೆಯೇ ತಂದು ಸಹಿ ಹಾಕಿಸಿಕೊಳ್ಳುವ ಪದ್ಧತಿಯಿತ್ತು. ಪಾಣಿಪತ್ತಿನ ಯುದ್ಧ ಅರ್ಧಕ್ಕೆ ನಿಂತಿದೆ, ಸಿಪಾಯಿ ಬಾಗಿಲಲ್ಲಿ! ಸಹಿ ಹಾಕಿ ತಿರುಗುವಷ್ಟರಲ್ಲಿ ನಲವತ್ತು ಮಕ್ಕಳ ಮನಸ್ಸು ಕಿಟಕಿಯಾಚೆಗೆ ಹೋಗಿರುತ್ತಿತ್ತು. ಗಂಟೆ ಬಾರಿಸಿದ ಮೇಲೆ ತನ್ನಿರೆಂದು ಎರಡು ಸಲ ಬರೆದುಕೊಟ್ಟೆ, ಆಗಲಿಲ್ಲ. ಕೊನೆಗೆ ಸಿಪಾಯಿಯೊಡನೆಯೇ ಮಾತಾಡಿಕೊಂಡೆ. "ಆತು ಬಿಡ್ರಿ ಸರ, ಗಂಟಿ ನಾನ ಹೊಡಿತೀನಲ್ಲ, ಹೊಡದ ಮ್ಯಾಲ ತರ್ತೀನಿ" ಎಂದ. ಅಲ್ಲಿಂದ ನಿವೃತ್ತಿಯವರೆಗೆ ನನ್ನ ತರಗತಿಗೆ ನಡುವೆ ಯಾರೂ ಬರಲಿಲ್ಲ.

ಬೆಂಗಳೂರಿನ ಶಿಷ್ಯನಿಗೆ ಇದನ್ನೆಲ್ಲ ಪತ್ರದಲ್ಲಿ ಬರೆದೆ. ಮುಂಜಾನೆ ಒಂಬತ್ತರಿಂದ ಹನ್ನೊಂದರವರೆಗೆ ಫೋನನ್ನು ಚೀಲದಲ್ಲಿಟ್ಟು ಕೂರುತ್ತೇನೆಂದು ಮೇಲಿನವರನ್ನು ಕೇಳಿ ಒಪ್ಪಿಸಿದ್ದಾನಂತೆ. ಎರಡು ವಾರವಾಯಿತು, ಇನ್ನೂ ಯಾರೂ ಬೈದಿಲ್ಲವಂತೆ. ನಾನು ಕೀಲ್‌ಹಾರ್ನರ ಸಂಪುಟದಲ್ಲಿರುವ ಶಾಸನದ ಅಚ್ಚಿನ ಝೆರಾಕ್ಸ್ ತರಿಸಿಕೊಂಡು, ನಸುಕಿನಲ್ಲಿ ಮನೆಯವರು ಏಳುವ ಮೊದಲು ಒಂದು ತಾಸು ಅಕ್ಷರ ಕೂಡಿಸುತ್ತಿದ್ದೇನೆ. ಏಳನೆಯ ಸಾಲಿಗೆ ಬಂದಿದ್ದೇನೆ. ಮಾರ್ಗಶಿರದಲ್ಲಿ ಬಿಸಿಲು ತಗ್ಗಿದ ಮೇಲೆ ಕಲ್ಲಿನೊಡನೆ ಹೋಲಿಸಿ ನೋಡಲು ಗುಡ್ಡ ಹತ್ತಬೇಕೆಂದಿದೆ. ಬರುವವರು ಮೊದಲೇ ತಿಳಿಸಿರಿ. ಬುತ್ತಿಯನ್ನು ಮಾತ್ರ ಗುಡ್ಡ ಹತ್ತುವ ಮೊದಲೇ ಬಿಚ್ಚೋಣ.