ವಿಧವೆಯ ಕಾಸು ಮತ್ತು ಎರಡು ಊರ ಶಾಲೆಗಳು

ಪರೀಕ್ಷೆಯ ಫಲಿತಾಂಶ ಪ್ರಕಟವಾದೊಡನೆ ಶಾಲೆಗಳನ್ನು ಒಂದೇ ತಕ್ಕಡಿಯಲ್ಲಿಟ್ಟು ತೂಗುವುದು ನಮ್ಮಲ್ಲಿ ವಾಡಿಕೆ. ಆ ಶಾಲೆಗಳಿಗೆ ಸಮಾಜ ಕೊಟ್ಟದ್ದೆಷ್ಟು ಎಂದು ಕೇಳುವವರು ವಿರಳ. ಅಮೆರಿಕದ ಟೆಕ್ಸಸ್ ರಾಜ್ಯದಲ್ಲಿ ಒಬ್ಬ ಸಾಮಾನ್ಯ ತಂದೆ ಈ ಪ್ರಶ್ನೆಯನ್ನು ಕೇಳಿದರು. ಅವರ ಹೆಸರು ಡಿಮೆಟ್ರಿಯೊ ರಾಡ್ರಿಗಸ್.

ಸ್ಯಾನ್ ಆಂಟೋನಿಯೊ ನಗರದ ಎಡ್ಜ್‌ವುಡ್, ಮೆಕ್ಸಿಕೋ ಮೂಲದ ಶ್ರಮಿಕರ ನೆಲೆ. ಅಲ್ಲಿಯ ಸರ್ಕಾರಿ ಶಾಲೆಗಳ ದುಃಸ್ಥಿತಿಯನ್ನು ಪ್ರತಿಭಟಿಸಿ 1968ರಲ್ಲಿ ವಿದ್ಯಾರ್ಥಿಗಳು ತರಗತಿಯಿಂದ ಹೊರನಡೆದರು. ಅದೇ ವರ್ಷ ರಾಡ್ರಿಗಸ್ ಮತ್ತು ಇತರ ಪೋಷಕರು ನ್ಯಾಯಾಲಯದ ಮೆಟ್ಟಿಲೇರಿದರು.

ಅಲ್ಲಿ ಶಾಲೆಯ ಖರ್ಚಿನ ದೊಡ್ಡ ಪಾಲು ಸ್ಥಳೀಯ ಆಸ್ತಿ ತೆರಿಗೆಯಿಂದ ಬರುತ್ತಿತ್ತು. 1967-68ರಲ್ಲಿ ಪ್ರತಿ 100 ಡಾಲರ್ ಆಸ್ತಿಗೆ ಎಡ್ಜ್‌ವುಡ್‌ನ ಬಡವರು 1 ಡಾಲರ್ 5 ಸೆಂಟ್ ತೆರುತ್ತಿದ್ದರು. ಅದೇ ನಗರದ ಸಿರಿವಂತರ ನೆಲೆಯಾದ ಅಲಾಮೊ ಹೈಟ್ಸ್‌ನಲ್ಲಿ ತೆರಿಗೆ ಕೇವಲ 85 ಸೆಂಟ್. ಆದರೂ ರಾಜ್ಯದ ಯೋಜನೆಗೆ ಸಲ್ಲಬೇಕಾದ ಪಾಲು ಕಳೆದು ಒಬ್ಬ ವಿದ್ಯಾರ್ಥಿಗೆ ಎಡ್ಜ್‌ವುಡ್‌ನಲ್ಲಿ ಉಳಿಯುತ್ತಿದ್ದುದು 26 ಡಾಲರ್, ಅಲಾಮೊ ಹೈಟ್ಸ್‌ನಲ್ಲಿ 333. ಸರ್ಕಾರಗಳ ನೆರವು ಸೇರಿದ ಮೇಲೂ ಒಟ್ಟು ಮೊತ್ತ 356 ಮತ್ತು 594 ಡಾಲರ್. ಎಡ್ಜ್‌ವುಡ್‌ನ ಶಿಕ್ಷಕರಲ್ಲಿ ಶೇಕಡಾ 47 ಮಂದಿ ತಾತ್ಕಾಲಿಕ ಅನುಮತಿಯ ಮೇಲೆ ಪಾಠ ಹೇಳುತ್ತಿದ್ದರು. ಅಲಾಮೊ ಹೈಟ್ಸ್‌ನಲ್ಲಿ ಅಂಥವರು ಶೇಕಡಾ 11 ಮಾತ್ರ. ಹೆಚ್ಚು ಭಾರ ಹೊತ್ತವರಿಗೇ ಕಡಿಮೆ ಫಲ!

1971ರಲ್ಲಿ ಕೆಳಗಿನ ನ್ಯಾಯಾಲಯ ಪೋಷಕರ ಪರ ನಿಂತಿತು. ಆದರೆ 1973ರ ಮಾರ್ಚ್ 21ರಂದು ಸುಪ್ರೀಂ ಕೋರ್ಟು 5-4ರ ಬಹುಮತದಿಂದ ಆ ತೀರ್ಪನ್ನು ತಳ್ಳಿಹಾಕಿತು. ಶಿಕ್ಷಣವು ಸಂವಿಧಾನದತ್ತ ಮೂಲಭೂತ ಹಕ್ಕಲ್ಲ, ಹಣಕ್ಕೂ ಕಲಿಕೆಯ ಗುಣಮಟ್ಟಕ್ಕೂ ಇರುವ ನಂಟು ವಿವಾದಾಸ್ಪದ ಎಂಬುದು ಅದರ ನಿಲುವು. ನ್ಯಾಯಮೂರ್ತಿ ಥರ್ಗುಡ್ ಮಾರ್ಷಲ್ ಇದನ್ನು ಬಲವಾಗಿ ವಿರೋಧಿಸಿದರು. ಎಡ್ಜ್‌ವುಡ್‌ನ ಜನ ಎದೆಗುಂದಲಿಲ್ಲ. 1984ರಲ್ಲಿ ರಾಜ್ಯದ ನ್ಯಾಯಾಲಯಕ್ಕೆ ಮೊರೆಹೋದರು. 1989ರಲ್ಲಿ ಟೆಕ್ಸಸ್‌ನ ಸುಪ್ರೀಂ ಕೋರ್ಟು ಆ ಹಣಕಾಸು ಪದ್ಧತಿ ರಾಜ್ಯದ ಸಂವಿಧಾನಕ್ಕೆ ವಿರುದ್ಧವೆಂದು ಒಮ್ಮತದಿಂದ ಸಾರಿತು. ಅಷ್ಟರಲ್ಲಿ 1968ರ ಮಕ್ಕಳು ಶಾಲೆಯ ವಯಸ್ಸನ್ನು ದಾಟಿ ಬಹುಕಾಲವಾಗಿತ್ತು.

ನಮ್ಮ ದೇಶದಲ್ಲಿ 2002ರ 86ನೆಯ ತಿದ್ದುಪಡಿಯು 6ರಿಂದ 14 ವರ್ಷದ ಮಕ್ಕಳ ಶಿಕ್ಷಣವನ್ನು ಮೂಲಭೂತ ಹಕ್ಕಾಗಿಸಿತು. ಹಕ್ಕು ಬರಹದಲ್ಲಿದೆ; ಅದು ಪ್ರತಿ ಮಗುವಿನ ತರಗತಿಯನ್ನು ತಲುಪಿದೆಯೇ ಎಂದು ನೋಡುವ ಹೊಣೆ ನಮ್ಮದು.

ಯೇಸುಸ್ವಾಮಿ ದೇವಾಲಯದ ಕಾಣಿಕೆ ಪೆಟ್ಟಿಗೆಯೆದುರು ಕುಳಿತಾಗ ನಾಣ್ಯಗಳನ್ನಷ್ಟೇ ಎಣಿಸಲಿಲ್ಲ. ಬಡ ವಿಧವೆಯ ಬಳಿ ಉಳಿದದ್ದೇನು ಎಂಬುದನ್ನೂ ಕಂಡರು. ಮುಂದಿನ ಬಾರಿ ಊರಿನ ಸರ್ಕಾರಿ ಶಾಲೆಯ ಅಂಕಗಳನ್ನು ಎಣಿಸುವಾಗ ನಮಗೂ ಆ ಕಣ್ಣು ದೊರೆಯಲಿ.