ಏರಿಸುವುದೋ, ಸಮ ಕಟ್ಟುವುದೋ, ಎಲೆ ಕೆಳಗಿಡುವುದೋ: ಸೆವೆನ್ ಕಾರ್ಡ್ ಸ್ಟಡ್ ಮತ್ತು ಕರ್ನಾಟಕದ ಜೂಜು ಕಾನೂನು

ಬೀಳಗಿ ತಾಲ್ಲೂಕಿನ ಬಾಡಗಂಡಿಯಿಂದ ಜಮಖಂಡಿ, ಮುಧೋಳದವರೆಗೆ ಇಸ್ಪೀಟು ಎಂದೊಡನೆ ನೆನಪಾಗುವುದು ಅಂದರ್-ಬಾಹರ್. ನಡುವೆ ಒಂದು ಎಲೆ ಬಿಚ್ಚಿಟ್ಟು ಎಡಕ್ಕೊಂದು ಬಲಕ್ಕೊಂದು ಎಲೆ ಹಾಕುತ್ತ ಹೋಗುತ್ತಾರೆ. ಅದೇ ಅಂಕಿಯ ಎಲೆ ಬಿದ್ದ ಕಡೆಗೆ ಹಣ. ಮೊದಲ ಎಲೆ ಬೀಳುವ ಕಡೆಗೆ ಗೆಲುವಿನ ಸಾಧ್ಯತೆ ಸುಮಾರು 51.5%. ಹಣ ಕಟ್ಟಿದ ಮೇಲೆ ಆಡುವವನು ನೋಡುತ್ತ ಕೂರಬೇಕು, ಅಷ್ಟೆ. ಪೋಕರ್ ಬಳಗದ ಸೆವೆನ್ ಕಾರ್ಡ್ ಸ್ಟಡ್‌ನಲ್ಲಿ ಹಾಗಲ್ಲ: ಅಲ್ಲಿ ಹಣ ಕಟ್ಟಿದ ಮೇಲೆಯೇ ಯೋಚನೆ ಶುರು. ಇವೆರಡನ್ನು ಬೇರ್ಪಡಿಸುವುದು ಹೊಸ ಮಾಹಿತಿ ಬಂದಾಗ ಆಟ ಬಿಟ್ಟು ಹೊರಬರುವ ಅವಕಾಶ ಎಂಬುದು ಈ ಲೇಖನದ ವಾದ.

ಸ್ಟಡ್‌ನಲ್ಲಿ ಪ್ರತಿಯೊಬ್ಬರಿಗೂ ಮೊದಲು ಎರಡು ಮುಚ್ಚಿದ ಎಲೆ, ಒಂದು ತೆರೆದ ಎಲೆ. ಬಳಿಕ ಮೂರು ತೆರೆದ ಎಲೆ, ಕೊನೆಯದು ಮುಚ್ಚಿದ್ದು. ಹಣ ಕಟ್ಟುವ ಸುತ್ತು ಐದು. ನಿಗದಿತ ಮಿತಿಯ ಆಟದಲ್ಲಿ ಐದನೆಯ ಎಲೆಯಿಂದ ಪಣ ಇಮ್ಮಡಿಯಾಗುತ್ತದೆ. ಹೀಗಾಗಿ ದುರ್ಬಲ ಕೈ ಹಿಡಿದು ನಾಲ್ಕನೆಯ ಎಲೆ ದಾಟಿದವನು ದುಬಾರಿ ಬೆಲೆ ತೆರುತ್ತಾನೆ.

ಒಂದು ಲೆಕ್ಕ ನೋಡಬಹುದು. ಆಟಗಾರನ ಆರು ಎಲೆಗಳಲ್ಲಿ ನಾಲ್ಕು ಆಟೀನು. ಇನ್ನೊಂದು ಬಂದರೆ ಫ್ಲಶ್, ಅಂದರೆ ಒಂದೇ ಜಾತಿಯ ಐದೆಲೆ. ಮಡಚಿಟ್ಟವರದೂ ಸೇರಿ ಇತರರ ಎಂಟು ಎಲೆಗಳನ್ನು ಅವನು ಕಂಡಿದ್ದಾನೆ. ಕಾಣದೆ ಉಳಿದದ್ದು 38. ಕಂಡ ಎಂಟರಲ್ಲಿ ಒಂದೂ ಆಟೀನು ಇಲ್ಲದಿದ್ದರೆ ಅವನಿಗೆ ಬೇಕಾದ ಎಲೆ 9, ಸಾಧ್ಯತೆ 23.7%. ನಾಲ್ಕು ಆಟೀನು ಆಗಲೇ ಬಿದ್ದಿದ್ದರೆ ಉಳಿದದ್ದು 5, ಸಾಧ್ಯತೆ 13.2%. ಎದುರಾಳಿಯ ಪಣವೂ ಸೇರಿ ನಡುವೆ 100 ರೂಪಾಯಿ ಇದೆ, ಸಮ ಕಟ್ಟಲು 20 ಬೇಕು ಎನ್ನೋಣ. ಫ್ಲಶ್ ಬಂದರೆ ಗೆಲುವು ಖಚಿತವೆಂದೂ ಮುಂದಿನ ಸುತ್ತಿನ ಪಣ ಇಲ್ಲವೆಂದೂ ಹಿಡಿದರೆ, ನಷ್ಟವಾಗದಿರಲು 16.7% ಸಾಧ್ಯತೆ ಸಾಕು. ಮೊದಲ ಸಂದರ್ಭದಲ್ಲಿ ಕಟ್ಟಬೇಕು, ಎರಡನೆಯದರಲ್ಲಿ ಎಲೆ ಕೆಳಗಿಡಬೇಕು. ಕೈಯಲ್ಲಿರುವ ಎಲೆಗಳು ಎರಡೂ ಕಡೆ ಅವೇ. ನಿರ್ಧಾರ ಬದಲಿಸಿದ್ದು ಬೇರೆಯವರ ಮುಂದೆ ಬಿದ್ದು ಮಡಚಿಹೋದ ಎಲೆಗಳ ನೆನಪು.

ಪಣ ಏರಿಸುವುದರ ತರ್ಕ ಬೇರೆ. ಮೂರನೆಯ ಎಲೆಗೇ ರಾಜನ ಜೋಡಿ ಬಂದವನು ಏರಿಸಿ ಎದುರಾಳಿಗಳನ್ನು ಕಡಿಮೆ ಮಾಡಿಕೊಳ್ಳುತ್ತಾನೆ, ಏಕೆಂದರೆ ಜನ ಹೆಚ್ಚಿದಷ್ಟೂ ಒಂಟಿ ಜೋಡಿ ಸೋಲುವುದು ಹೆಚ್ಚು. ಮೂರು ಆಟೀನು ಹಿಡಿದವನಿಗೆ ಇದಕ್ಕೆ ವಿರುದ್ಧವಾಗಿ ಜನ ತುಂಬಿರಬೇಕು, ಎಲೆ ಅಗ್ಗಕ್ಕೆ ಸಿಗಬೇಕು.

ಹೊರಬರುವ ಅವಕಾಶವೇ ಭೇದ ಎಂಬ ವಾದಕ್ಕೊಂದು ಆಕ್ಷೇಪವಿದೆ: ಮೂರೆಲೆಯ ಆಟವಾದ ತೀನ್ ಪತ್ತಿಯಲ್ಲೂ ‘ಪ್ಯಾಕ್’ ಮಾಡಿ ಎಲೆ ಕೆಳಗಿಡಬಹುದಲ್ಲ? ಹೌದು, ಆದರೆ ಅಲ್ಲಿ ಹೊಸ ಎಲೆ ಬರುವುದಿಲ್ಲ, ಎದುರಾಳಿಯ ಎಲೆ ಎಲ್ಲರೆದುರು ತೆರೆದು ಬೀಳುವುದೂ ಇಲ್ಲ. 1967ರ ಸತ್ಯನಾರಾಯಣ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಮೂರೆಲೆಯ ಆಟವನ್ನು ಕೇವಲ ಅದೃಷ್ಟದ ಆಟವೆಂದು ಬದಿಗಿಟ್ಟು, ಬಿದ್ದ ಎಲೆಗಳನ್ನು ನೆನಪಿಡಬೇಕಾದ ರಮ್ಮಿಯನ್ನು ಮುಖ್ಯವಾಗಿ ಕೌಶಲದ ಆಟವೆಂದಿತು. ಈ ಅಳತೆಗೆ ಸ್ಟಡ್ ರಮ್ಮಿಯ ಪಕ್ಕದಲ್ಲೇ ನಿಲ್ಲುತ್ತದೆ.

ಆದರೂ ನ್ಯಾಯಾಲಯಗಳಲ್ಲಿ ಒಮ್ಮತವಿಲ್ಲ. ಪೋಕರನ್ನು ಕೌಶಲದ ಆಟವಾಗಿ ಆಡುವುದಾದರೆ ಪರವಾನಗಿ ಬೇಕಿಲ್ಲವೆಂದು ಕರ್ನಾಟಕ ಹೈಕೋರ್ಟ್ 2013ರಲ್ಲಿ ಹೇಳಿತು. 2017ರಲ್ಲಿ ಗುಜರಾತ್ ಹೈಕೋರ್ಟ್ ಅದನ್ನು ಅದೃಷ್ಟದ ಆಟವೆಂದಿತು. ಕರ್ನಾಟಕ ಪೊಲೀಸ್ ಕಾಯ್ದೆ, 1963ರ 176ನೆಯ ಕಲಂ ಕೌಶಲದ ಆಟಕ್ಕೆ ವಿನಾಯಿತಿ ನೀಡಿತ್ತು. 2021ರ ತಿದ್ದುಪಡಿ ಅದನ್ನು ಮೊಟಕುಗೊಳಿಸಿತು. ತಿದ್ದುಪಡಿಯ ಮುಖ್ಯ ಭಾಗಗಳನ್ನು 2022ರ ಫೆಬ್ರುವರಿ 14ರಂದು ಹೈಕೋರ್ಟ್ ರದ್ದುಗೊಳಿಸಿತು. 2025ರ ಕೇಂದ್ರ ಕಾಯ್ದೆಯಾದರೋ ಆನ್‌ಲೈನ್ ಹಣದಾಟಗಳನ್ನು ಕೌಶಲ, ಅದೃಷ್ಟ ಎಂಬ ಭೇದವಿಲ್ಲದೆ ನಿಷೇಧಿಸಿದೆ. ಈಗ ಈ ಭೇದಕ್ಕೆ ಬೆಲೆ ಉಳಿದಿರುವುದು ಎದುರುಬದುರು ಕೂತು ಆಡುವ ಮೇಜಿನಲ್ಲಿ. ಅಲ್ಲಿ ಆಟದ ಹೆಸರಿಗಿಂತ ತೆರೆದ ಎಲೆಗಳೆಷ್ಟು, ಸುತ್ತುಗಳೆಷ್ಟು, ನಡುವೆ ಹೊರಬರಲು ದಾರಿಯಿದೆಯೇ ಎಂಬುದನ್ನು ವಿಚಾರಣೆ ನೋಡಬೇಕಾಗುತ್ತದೆ.